ಕಾರ್ಡ್‌ಲೆಸ್ ಸರ್ಕ್ಯುಲರ್ ಸಾ: ಹಿಂದಕ್ಕೆ ಒದೆಯದಂತೆ ನೋಡಿಕೊಳ್ಳಿ

ಹೊಸದಾಗಿ ಕಾರ್ಡ್‌ಲೆಸ್ ಸರ್ಕ್ಯುಲರ್ ಸಾ (ಬ್ಯಾಟರಿಯಲ್ಲಿ ಓಡುವ, ದುಂಡು ಬ್ಲೇಡಿನ ಮರ ಕೊಯ್ಯುವ ಮಿಷಿನ್) ತಗೊಂಡವರಿಗೆ ಒಂದು ಮಾತು. ಕೀಳೋಕೆ ಪ್ಲಗ್ ಇಲ್ಲ, ಹಾಗಾಗಿ ಮಿಷಿನ್ ಯಾವಾಗಲೂ ಆನ್ ಇದ್ದ ಹಾಗೇ ಲೆಕ್ಕ. ಬ್ಲೇಡ್ ಬದಲಿಸುವಾಗ, ಆಳ ಹೊಂದಿಸುವಾಗ ಮೊದಲು ಬ್ಯಾಟರಿ ತೆಗೆದಿಡಿ.

ದೊಡ್ಡ ಅಪಾಯ ಅಂದರೆ ಮಿಷಿನ್ ಹಿಂದಕ್ಕೆ ಒದೆಯುವುದು. ಹಲಗೆಯ ಎರಡು ತುದಿಗೆ ಮಾತ್ರ ಆಸರೆ ಕೊಟ್ಟು ನಡುವೆ ಕೊಯ್ದರೆ, ಹಲಗೆ ಜಗ್ಗಿ ಸೀಳು ಮುಚ್ಚಿಕೊಳ್ಳುತ್ತದೆ. ಬ್ಲೇಡ್ ಸಿಕ್ಕಿಕೊಂಡು ಮಿಷಿನ್ ನಿಮ್ಮ ಕಡೆಗೇ ಎಗರುತ್ತದೆ. ಕೊಯ್ಯುವ ಗೆರೆಯ ಪಕ್ಕದಲ್ಲೇ ಆಸರೆ ಕೊಡಿ, ಸಣ್ಣ ತುಂಡು ತಾನಾಗೇ ಬೀಳಲಿ. ದೊಡ್ಡ ಪ್ಲೈವುಡ್ ಆದರೆ ಗೆರೆಯ ಎರಡೂ ಪಕ್ಕ ಆಸರೆ ಬೇಕು. ಹಲಗೆಗೆ ಕ್ಲಾಂಪ್ ಹಾಕಿ, ಎರಡೂ ಕೈಯಲ್ಲಿ ಮಿಷಿನ್ ಹಿಡಿದು, ಬ್ಲೇಡಿನ ನೇರಕ್ಕೆ ಬಾರದ ಹಾಗೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಬ್ಲೇಡ್ ಹಲಗೆಯ ಕೆಳಗೆ 3ರಿಂದ 6 ಮಿ.ಮೀ. ಇಣುಕಿದರೆ ಸಾಕು, ಜಾಸ್ತಿ ಬೇಡ.

ನಡುವೆ ಸಿಕ್ಕಿಕೊಂಡರೆ ದಬ್ಬಬೇಡಿ. ಟ್ರಿಗರ್ ಬಿಟ್ಟು, ಬ್ಲೇಡ್ ಪೂರ್ತಿ ನಿಂತ ಮೇಲೆ ಹೊರಗೆ ತೆಗೆಯಿರಿ.

ಬ್ಲೇಡನ್ನು ಮುಚ್ಚುವ ಕೆಳಗಿನ ಗಾರ್ಡ್ ಅಡ್ಡ ಬರುತ್ತೆ ಅಂತ ಕೆಲವರು ಬೆಣೆ ಕೊಟ್ಟು ಮೇಲಕ್ಕೇ ನಿಲ್ಲಿಸಿಬಿಡುತ್ತಾರೆ. ಕೈ ಮುಗಿದು ಹೇಳುತ್ತೇನೆ, ಅದೊಂದು ಮಾಡಬೇಡಿ. ಹೊಟ್ಟು ತುಂಬಿ ಗಾರ್ಡ್ ಬಿಗಿಯಾಗಿದ್ದರೆ ಬ್ಯಾಟರಿ ತೆಗೆದು ಬ್ರಷ್‌ನಲ್ಲಿ ಉಜ್ಜಿ. ಕೈ ಬಿಟ್ಟ ತಕ್ಷಣ ಅದು ಟಪ್ ಅಂತ ಮುಚ್ಚಬೇಕು. ಕಣ್ಣಿಗೆ ಸೇಫ್ಟಿ ಕನ್ನಡಕ, ಕಿವಿಗೆ ಇಯರ್ ಮಫ್ ಬೇಕು ಅನ್ನೋದು ಗೊತ್ತೇ ಇದೆ ಅಲ್ವಾ.