ಮನೆ ಸಮೇತ ಜರ್ಮನಿಗೆ ಹೊರಟಿದ್ದೀರಾ? ದುಡ್ಡಿನ ಲೆಕ್ಕ ಹೀಗೆ ಹಾಕಿ

ಮ್ಯೂನಿಕ್‌ನಲ್ಲಿ ಸಿಕ್ಕ ಬಾಡಿಗೆ ಮನೆಯ ಬಾಗಿಲು ತೆಗೆದ ದಿನ ಇನ್ನೂ ಕಣ್ಣ ಮುಂದಿದೆ. ಅಡುಗೆಮನೆಯಲ್ಲಿ ಒಲೆ ಇರಲಿಲ್ಲ, ಸಿಂಕ್ ಇರಲಿಲ್ಲ, ಒಂದು ಕಟ್ಟೆಯೂ ಇರಲಿಲ್ಲ. ಗೋಡೆಯಿಂದ ಎರಡು ನೀರಿನ ಪೈಪು ಹೊರಗೆ ಬಂದಿದ್ದವು, ಅಷ್ಟೆ. ಬಲ್ಬ್ ಇರಬೇಕಾದ ಕಡೆ ವೈರಿನ ತುಂಡು ನೇತಾಡುತ್ತಿತ್ತು. ಯಾರೋ ಕಿತ್ತುಕೊಂಡು ಹೋಗಿದ್ದಾರೆ ಅಂತ ಗಾಬರಿಯಾಯಿತು. ಆಮೇಲೆ ಗೊತ್ತಾಯಿತು, ಅಲ್ಲಿ ಇದು ಮಾಮೂಲು. ಹಳೇ ಬಾಡಿಗೆದಾರರು ಎಷ್ಟೋ ಸಲ ಅಡುಗೆಮನೆಯನ್ನೂ ಕಳಚಿಕೊಂಡು ಹೋಗುತ್ತಾರೆ.

ಬೆಂಗಳೂರಿನಲ್ಲಿ ಕೂತು ನಾವು ಹಾಕಿದ್ದ ಬಜೆಟ್‌ನಲ್ಲಿ ಟಿಕೆಟ್ ಇತ್ತು, ವೀಸಾ ಇತ್ತು, ಹಡಗಿನಲ್ಲಿ ಸಾಮಾನು ಕಳಿಸುವ ಖರ್ಚೂ ಇತ್ತು. ಅಡುಗೆಮನೆ ಮಾತ್ರ ಇರಲಿಲ್ಲ. ದಾರಿ ಖರ್ಚನ್ನು ಪೈಸೆ ಪೈಸೆ ಲೆಕ್ಕ ಹಾಕಿದ್ದೆವು, ಇಳಿದ ಮೇಲಿನ ಮೊದಲ ಮೂರು ತಿಂಗಳನ್ನು ಮರೆತಿದ್ದೆವು. ನಿಜವಾಗಿ ದುಡ್ಡು ಕರಗುವುದು ಆ ಮೂರು ತಿಂಗಳಲ್ಲೇ. ಕೆಳಗಿನ ಲೆಕ್ಕ ಅಲ್ಲಿಂದಲೇ ಹುಟ್ಟಿದ್ದು.

ಮೊದಲು: ಖರ್ಚಿನ ಪಕ್ಕ ತಾರೀಕು ಬರೆಯಿರಿ

ಒಂದು ನೋಟ್‌ಬುಕ್ಕೋ ಎಕ್ಸೆಲ್ ಶೀಟೋ ತೆಗೆದುಕೊಳ್ಳಿ. ಹೊರಡುವ ಮುಂಚೆ, ದಾರಿಯಲ್ಲಿ, ಇಳಿದ ಮೇಲೆ ಅಂತ ಮೂರು ಭಾಗ ಮಾಡಿ. ಪ್ರತಿ ಖರ್ಚಿಗೂ ಎಷ್ಟು ಅನ್ನುವುದರ ಜೊತೆ ಯಾವಾಗ ಅಂತಲೂ ಬರೆಯಿರಿ. ಒಟ್ಟು ಮೊತ್ತ ಸರಿಯಾಗಿದ್ದರೂ ಬೇಕಾದ ದಿನ ಕೈಯಲ್ಲಿ ದುಡ್ಡಿಲ್ಲದಿದ್ದರೆ ಪ್ರಯೋಜನ ಏನು?

ಬೆಂಗಳೂರಿನ ಬಾಡಿಗೆ ಮನೆಯ ಅಡ್ವಾನ್ಸ್ ನೋಡಿ. ಕೆಲವರು ಹತ್ತು ತಿಂಗಳ ಬಾಡಿಗೆಯಷ್ಟು ಕೊಟ್ಟಿರುತ್ತಾರೆ. ಅದು ವಾಪಸ್ ಬರುವುದು ಬೀಗದ ಕೈ ಕೊಟ್ಟ ಮೇಲೆ, ಪೇಂಟಿಂಗ್‌ಗೆ ಅಂತ ಮುರಿದುಕೊಂಡು. ಓನರ್ ತಡ ಮಾಡಿದರೆ ಅಷ್ಟು ಹೊತ್ತಿಗೆ ನೀವು ಮ್ಯೂನಿಕ್‌ನಲ್ಲಿರುತ್ತೀರಿ. ಹಾಗಾಗಿ ಅಡ್ವಾನ್ಸ್ ದುಡ್ಡನ್ನು ಟಿಕೆಟ್ಟಿಗೆ ಲೆಕ್ಕ ಹಿಡಿಯಬೇಡಿ. ಕಾರು ಮಾರಿದ ದುಡ್ಡೂ ಹಾಗೇ, ಖಾತೆಗೆ ಬಿದ್ದ ಮೇಲಷ್ಟೇ ಅದು ನಿಮ್ಮದು.

ವೀಸಾ ಖರ್ಚು ಲೆಕ್ಕಕ್ಕೆ ಸುಲಭ. ಜರ್ಮನಿಯ ದೀರ್ಘಾವಧಿ ವೀಸಾಗೆ ದೊಡ್ಡವರಿಗೆ 75 ಯೂರೋ, ಮಕ್ಕಳಿಗೆ ಅದರ ಅರ್ಧ. ಅರ್ಜಿ ಕೇಂದ್ರದ ಸೇವಾ ಶುಲ್ಕ, ಪ್ರಯಾಣ ವಿಮೆ, ದಾಖಲೆಗಳ ಅನುವಾದ ಇದರ ಮೇಲೆ ಬರುತ್ತವೆ.

ಕಂಪನಿಯನ್ನು ಮೂರು ಪ್ರಶ್ನೆ ಕೇಳಿ

ಕಂಪನಿ ಕರೆಸಿಕೊಳ್ಳುತ್ತಿದ್ದರೆ ಸಂಕೋಚ ಬೇಡ. ರಿಲೊಕೇಶನ್ ಅಂತ ಕೊಡುವ ಮೊತ್ತಕ್ಕೆ ತೆರಿಗೆ ಮುರಿಯುತ್ತಾರಾ? ಬಿಲ್ ಕೊಟ್ಟ ಮೇಲೆ ಕೊಡುತ್ತಾರಾ, ಮುಂಗಡವಾಗಿಯಾ? ಒಂದೆರಡು ವರ್ಷದೊಳಗೆ ಕೆಲಸ ಬಿಟ್ಟರೆ ವಾಪಸ್ ಕಟ್ಟಬೇಕಾ? ಉತ್ತರ ಇಮೇಲ್‌ನಲ್ಲೇ ತೆಗೆದುಕೊಳ್ಳಿ.

ಟೇಪು ಹಿಡಿದು ಮನೆಯೆಲ್ಲ ಅಳೆಯಿರಿ

ಹಡಗಿನ ಸಾಮಾನಿಗೆ ಹೆಚ್ಚಾಗಿ ರೇಟು ಹಾಕುವುದು ಅದು ಹಿಡಿಯುವ ಜಾಗಕ್ಕೆ, ಘನ ಮೀಟರ್ ಲೆಕ್ಕದಲ್ಲಿ. ಒಂದು ಘನ ಮೀಟರ್ ಅಂದರೆ ಸುಮಾರು 35 ಘನ ಅಡಿ. ಮೂರು ಅಡಿ ಅಗಲ, ಒಂದೂವರೆ ಅಡಿ ಆಳ, ಆರೂವರೆ ಅಡಿ ಎತ್ತರದ ಕಬ್ಬಿಣದ ಬೀರು 29 ಘನ ಅಡಿ ಆಗುತ್ತದೆ. ಅಂದರೆ ಒಂದು ಬೀರುವೇ 0.8 ಘನ ಮೀಟರ್ ತಿನ್ನುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೂವರೆ ಅಡಿ ಇರುವ ರಟ್ಟಿನ ಪೆಟ್ಟಿಗೆಯಾದರೆ ಅದೇ ಜಾಗದಲ್ಲಿ ಎಂಟು ಹಿಡಿಸುತ್ತವೆ. ಎಂಟು ಪೆಟ್ಟಿಗೆಯಲ್ಲಿ ಮಕ್ಕಳ ಪುಸ್ತಕ, ಪಾತ್ರೆ, ಹಾಸಿಗೆ ಬಟ್ಟೆ, ರೇಷ್ಮೆ ಸೀರೆ ಎಷ್ಟೋ ಬರುತ್ತದೆ, ಅಲ್ವಾ?

ಪ್ರತಿ ವಸ್ತುವಿನ ಪಕ್ಕ ಅದನ್ನು ಸಾಗಿಸಲು ಎಷ್ಟು, ಅಲ್ಲೇ ಹೊಸದು ಕೊಂಡರೆ ಎಷ್ಟು ಅಂತ ಬರೆದು ನೋಡಿ. ಸೋಫಾ, ಮಂಚ, ಫ್ರಿಜ್ಜು, ವಾಷಿಂಗ್ ಮೆಷಿನ್ ಆ ಪಟ್ಟಿಯಲ್ಲೇ ಬಿದ್ದುಹೋಗುತ್ತವೆ.

ಉಳಿಯುವ ಸಾಮಾನು ಬೇರೆಯೇ. ಜರ್ಮನಿಯಲ್ಲೂ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್ ಕರೆಂಟು. ಹಾಗಾಗಿ ಮಿಕ್ಸಿ, ಗ್ರೈಂಡರ್ ಆರಾಮಾಗಿ ಓಡುತ್ತವೆ, ಪ್ಲಗ್ಗಿಗೆ ತಕ್ಕ ಅಡಾಪ್ಟರ್ ಸಾಕು. ದೋಸೆ ಹಿಟ್ಟು ರುಬ್ಬುವ ಮನೆಯಾದರೆ ಗ್ರೈಂಡರ್ ಖಂಡಿತ ಒಯ್ಯಿರಿ, ನಾವು ಒಯ್ದದ್ದರಲ್ಲಿ ಒಂದು ದಿನವೂ ಸುಮ್ನೆ ತಂದೆವು ಅನಿಸದ ವಸ್ತು ಅದು. ಅಲ್ಯೂಮಿನಿಯಂ ಕುಕ್ಕರ್ ಒಯ್ಯುವ ಮುಂಚೆ ಮಾತ್ರ ಯೋಚಿಸಿ. ಅಲ್ಲಿನ ಒಲೆ ಇಂಡಕ್ಷನ್ ಆಗಿದ್ದರೆ ಅದು ಬಿಸಿಯೇ ಆಗುವುದಿಲ್ಲ. ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಇಲ್ಲೇ ಕೊಂಡುಬಿಡಿ. ಊರಿನ ತುಪ್ಪದ ಡಬ್ಬ ಬೇಡವೇ ಬೇಡ. ಯೂರೋಪ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಅಲ್ಲಿನ ಬೆಣ್ಣೆ ಕಾಯಿಸಿದರೆ ಘಮಘಮ ತುಪ್ಪ ಆಗುತ್ತದೆ, ಚಿಂತೆ ಬಿಡಿ.

ಸಾಗಣೆ ಕೊಟೇಶನ್: ಎಲ್ಲಿಂದ ಎಲ್ಲಿಯವರೆಗೆ?

ನಮ್ಮ ಸಾಮಾನು ಚೆನ್ನೈ ಬಂದರಿನಿಂದ ಹ್ಯಾಂಬರ್ಗ್‌ಗೆ ಹೋಯಿತು. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಅಂತ ಸಾಗಣೆಯವರು ಫೋನಿನಲ್ಲಿ ಹೇಳಿದ್ದರು. ಹಡಗು ಬಂದ ಮೇಲೆ ಬಂದರಿನ ಹ್ಯಾಂಡ್ಲಿಂಗ್ ಖರ್ಚು, ಕಸ್ಟಮ್ಸ್ ಕಾಗದಪತ್ರದ ಖರ್ಚು, ಗೋದಾಮಿನ ಬಾಡಿಗೆ ಅಂತ ಬೇರೆಯೇ ಬಿಲ್ ಬಂತು. ಕೊಟೇಶನ್ ತೆಗೆದು ನೋಡಿದರೆ ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲ ಬರೆದಿತ್ತು. ಆ ರಾತ್ರಿ ನಮ್ಮಿಬ್ಬರಿಗೂ ನಿದ್ದೆ ಹತ್ತಲಿಲ್ಲ.

ಕಡೇಪಕ್ಷ ಮೂರು ಕಡೆ ಕೊಟೇಶನ್ ತೆಗೆದುಕೊಳ್ಳಿ. ಅಲ್ಲಿನ ಬಂದರಿನ ಖರ್ಚು, ಕಸ್ಟಮ್ಸ್, ಮನೆವರೆಗಿನ ಲಾರಿ, ಮೂರನೇ ಮಹಡಿಗೆ ಹೊರುವ ಕೂಲಿ, ವಿಮೆ, ಎಲ್ಲ ಸೇರಿದೆಯಾ ಅಂತ ಒಂದೊಂದಾಗಿ ಕೇಳಿ. ಸೇರದಿದ್ದರೆ ಅದೆಷ್ಟು ಅಂತ ಬರೆಸಿಕೊಳ್ಳಿ.

ಸಾಮಾನು ಕಳಿಸುವ ಸಮಯವೂ ದುಡ್ಡಿನ ವಿಷಯವೇ. ವಾಸ ಬದಲಿಸುವವರು ಒಯ್ಯುವ ಹಳೇ ಮನೆ ಸಾಮಾನಿಗೆ ಜರ್ಮನಿಯಲ್ಲಿ ಕಸ್ಟಮ್ಸ್ ಸುಂಕ ಇಲ್ಲ. ಅದಕ್ಕೆ ಷರತ್ತುಗಳಿವೆ. ನೀವು ಕನಿಷ್ಠ 12 ತಿಂಗಳು ಯೂರೋಪ್ ಒಕ್ಕೂಟದ ಹೊರಗೆ ವಾಸವಿದ್ದಿರಬೇಕು. ವಸ್ತುಗಳನ್ನು ಕನಿಷ್ಠ 6 ತಿಂಗಳು ಬಳಸಿರಬೇಕು. ಹೋಗಿ ನೆಲೆಸಿದ 12 ತಿಂಗಳೊಳಗೆ ಅವು ಬರಬೇಕು, ಬಂದ ಮೇಲೆ 12 ತಿಂಗಳು ಮಾರುವಂತಿಲ್ಲ. ಹೊರಡುವ ಖುಷಿಯಲ್ಲಿ ಹೊಸ ಮಿಕ್ಸಿ ಕೊಂಡು ಹಡಗಿಗೆ ಹಾಕಿದರೆ ಅದು ಈ ವಿನಾಯಿತಿಗೆ ಬರುವುದಿಲ್ಲ. ಕಸ್ಟಮ್ಸ್‌ನವರು ಅಲ್ಲಿನ ವಿಳಾಸ ನೋಂದಣಿ ಚೀಟಿಯನ್ನೂ ಕೇಳುತ್ತಾರೆ, ಆ ನೋಂದಣಿಗೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ವಿಳಾಸವೇ ಗಟ್ಟಿಯಾಗದೆ ಪೆಟ್ಟಿಗೆಗಳು ಬಂದಿಳಿದರೆ ಗೋದಾಮಿನ ಬಾಡಿಗೆ ಏರುತ್ತಾ ಹೋಗುತ್ತದೆ. ಮನೆ ಸಿಕ್ಕ ಮೇಲೆ ಸಾಮಾನು ಹಡಗು ಹತ್ತಲಿ. ಅಲ್ಲಿವರೆಗೆ ಅಪ್ಪ ಅಮ್ಮನ ಮನೆಯಲ್ಲೋ ಅಣ್ಣನ ಮನೆಯಲ್ಲೋ ಇಟ್ಟಿರಿ.

ದುಡ್ಡು ದಾಟಿಸುವುದು

ಭಾರತದಲ್ಲಿ ವಾಸವಿರುವವರು ಒಂದು ಹಣಕಾಸು ವರ್ಷದಲ್ಲಿ ತಲಾ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಬ್ಯಾಂಕು ಟಿಸಿಎಸ್ ಅಂತ, ಅಂದರೆ ಕಳಿಸುವಾಗಲೇ ಮುಂಗಡ ತೆರಿಗೆಯಾಗಿ, ಶೇ 20 ಹಿಡಿಯುತ್ತದೆ. ಈ 10 ಲಕ್ಷದ ಮಿತಿ 2025ರ ಏಪ್ರಿಲ್‌ನಿಂದ ಬಂದದ್ದು, ಮುಂಚೆ 7 ಲಕ್ಷ ಇತ್ತು. 12 ಲಕ್ಷ ಕಳಿಸಿದರೆ 40 ಸಾವಿರ ಹಿಡಿದುಕೊಳ್ಳುತ್ತಾರೆ. ಐಟಿ ರಿಟರ್ನ್ ಹಾಕಿದಾಗ ಅದು ತೆರಿಗೆಯಲ್ಲಿ ಹೊಂದಾಣಿಕೆ ಆಗುತ್ತದೆ, ಇಲ್ಲವೇ ವಾಪಸ್ ಬರುತ್ತದೆ. ಆದರೆ ತಿಂಗಳುಗಟ್ಟಲೆ ಕೈಗೆ ಸಿಗುವುದಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಸ್ವಂತ ಉಳಿತಾಯ ಇದ್ದರೆ ಇಬ್ಬರ ಖಾತೆಯಿಂದಲೂ ಹಂಚಿ ಕಳಿಸಿ.

ಮೊದಲ ಮೂರು ತಿಂಗಳು

ಯೂರೋಗೆ 100 ರೂಪಾಯಿ ಅಂತ ಇಟ್ಟುಕೊಂಡು ಲೆಕ್ಕ ಹಾಕೋಣ. ಬಾಡಿಗೆಯಲ್ಲಿ ಎರಡು ಬಗೆ. ಕಾಲ್ಟ್‌ಮೀಟೆ ಅಂದರೆ ಬರೀ ಮನೆಯ ಬಾಡಿಗೆ. ವಾರ್ಮ್‌ಮೀಟೆ ಅಂದರೆ ಸಾಮಾನ್ಯವಾಗಿ ಹೀಟಿಂಗ್, ನೀರು, ಕಸದ ಖರ್ಚು ಸೇರಿದ್ದು. ಕರೆಂಟು, ಇಂಟರ್ನೆಟ್ ಹೆಚ್ಚಾಗಿ ಇದರಲ್ಲೂ ಸೇರಿರುವುದಿಲ್ಲ. ಕಾಲ್ಟ್ 1,200, ವಾರ್ಮ್ 1,500 ಯೂರೋ ಇರುವ ಮನೆ ಅಂದುಕೊಳ್ಳಿ. ಡಿಪಾಸಿಟ್ಟು ಹೆಚ್ಚೆಂದರೆ ಮೂರು ತಿಂಗಳ ಕಾಲ್ಟ್‌ಮೀಟೆ, ಅಂದರೆ 3,600. ಮೊದಲ ಬಾಡಿಗೆ ಸೇರಿ 5,100 ಯೂರೋ, ನಮ್ಮ ಲೆಕ್ಕದಲ್ಲಿ 5 ಲಕ್ಷ 10 ಸಾವಿರ. ಡಿಪಾಸಿಟ್ಟನ್ನು ಮೂರು ಸಮ ಕಂತಿನಲ್ಲಿ ಕಟ್ಟಲು ಕಾನೂನು ಬಿಡುತ್ತದೆ. ಕೈ ಬಿಗಿಯಿದ್ದರೆ ಬಾಯಿಬಿಟ್ಟು ಕೇಳಿ. ಮನೆ ಮಾಲೀಕರು ಗೊತ್ತುಮಾಡಿದ ಬ್ರೋಕರ್‌ಗೆ ನೀವು ಕಮಿಷನ್ ಕೊಡಬೇಕಿಲ್ಲ, 2015ರಿಂದ ಇದು ಅಲ್ಲಿನ ನಿಯಮ.

ಈ ಮನೆ ಸಿಗುವವರೆಗೆ ತಾತ್ಕಾಲಿಕ ಮನೆಯ ಬಾಡಿಗೆ ಬೇರೆ. ಎರಡೂ ಬಾಡಿಗೆ ಒಂದೇ ತಿಂಗಳಲ್ಲಿ ಬೀಳಬಹುದು. ಸಂಬಳವೋ ತಿಂಗಳ ಕೊನೆಗೆ.

ಇನ್ನು ಅಡುಗೆಮನೆ. ಮನೆ ನೋಡಲು ಹೋದಾಗಲೇ ಇದು ಉಳಿಯುತ್ತದಾ ಅಂತ ಕೇಳಿ. ಖಾಲಿ ಮಾಡುವವರು ಒಂದು ಮೊತ್ತಕ್ಕೆ ನಿಮಗೇ ಬಿಟ್ಟುಕೊಡಬಹುದು, ಅದಕ್ಕೆ ಆಬ್ಲ್ಯೋಸೆ ಅನ್ನುತ್ತಾರೆ. ಹೊಸದಕ್ಕಿಂತ ಇದು ಎಷ್ಟೋ ಅಗ್ಗ, ಜೊತೆಗೆ ಮೊದಲ ದಿನವೇ ಸಾರು ಕುದಿಸಬಹುದು. ನಾವು ಹೊಸದಕ್ಕೆ ಆರ್ಡರ್ ಕೊಟ್ಟು ಐದು ವಾರ ಕಾದೆವು. ಅಷ್ಟು ದಿನ ಒಂದು ಕರೆಂಟ್ ಒಲೆಯನ್ನು ನೆಲದ ಮೇಲಿಟ್ಟು ಅನ್ನ ಮಾಡಿದೆವು. ಪಾತ್ರೆ ತೊಳೆಯುತ್ತಿದ್ದುದು ಬಚ್ಚಲಿನ ಬೇಸಿನ್‌ನಲ್ಲಿ. ಮಗಳಿಗೆ ಅದೊಂದು ಆಟ, ನಮ್ಮ ಬೆನ್ನು ಮಾತ್ರ ಬಿದ್ದುಹೋಗಿತ್ತು.

ಸಣ್ಣ ಖರ್ಚಿಗೂ ಒಂದು ಸಾಲು ಬಿಡಿ. ಟಿವಿ, ರೇಡಿಯೋ ಇರಲಿ ಬಿಡಲಿ, ಮನೆಗೊಂದರಂತೆ ಪ್ರಸಾರ ಶುಲ್ಕ ತಿಂಗಳಿಗೆ 18.36 ಯೂರೋ. ಮೂರು ತಿಂಗಳದ್ದು ಒಟ್ಟಿಗೆ 55.08 ಅಂತ ಕಾಗದ ಬರುತ್ತದೆ. ಜರ್ಮನ್‌ನಲ್ಲಿದೆ ಅಂತ ಆ ಕಾಗದ ಎಸೆಯಬೇಡಿ, ಬಾಕಿ ಬೆಳೆಯುತ್ತದೆ. ಇಲ್ಲಿನ ಸಿಮ್ ಕಾರ್ಡಿಗೂ ರೀಚಾರ್ಜ್ ಹಾಕುತ್ತಿರಬೇಕು, ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ ತಾನೆ? ಎಲ್ಲ ಕೂಡಿಸಿದ ಮೇಲೆ ಶೇ 15ರಷ್ಟು ತುರ್ತಿಗೆ ಅಂತ ತೆಗೆದಿಡಿ.

ಇಷ್ಟಕ್ಕೂ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಹಾಕಿಡಿ. ಕೆಲಸಕ್ಕಾಗಿ ಮನೆ ಬದಲಿಸಿದ ಖರ್ಚಿನಲ್ಲಿ ಕಂಪನಿ ಕೊಡದೇ ಉಳಿದ ಭಾಗವನ್ನು ಜರ್ಮನಿಯ ವಾರ್ಷಿಕ ತೆರಿಗೆ ಲೆಕ್ಕದಲ್ಲಿ ತೋರಿಸಬಹುದು. ನಾವು ಮೊದಲ ವರ್ಷ ವಿಮಾನದ ಟಿಕೆಟ್, ಸಾಗಣೆ ಬಿಲ್ ಎರಡನ್ನೂ ಲಗತ್ತಿಸಿದ್ದೆವು.