ವಿಎಲ್ಯಾನ್ ಮಾಡುವ ಮುಂಚೆ ಸ್ವಿಚ್‌ನಲ್ಲಿ ಒಂದು ಪೋರ್ಟ್ ಉಳಿಸಿಕೊಳ್ಳಿ

ಪ್ರಾಕ್ಸ್‌ಮಾಕ್ಸ್ (ಒಂದೇ ಕಂಪ್ಯೂಟರಿನಲ್ಲಿ ಹಲವು ವರ್ಚುವಲ್ ಯಂತ್ರ, ಅಂದ್ರೆ ವಿಎಂ, ನಡೆಸುವ ಸಾಫ್ಟ್‌ವೇರ್) ಒಳಗೆ ಓಪಿಎನ್‌ಸೆನ್ಸ್ (ರೂಟರ್-ಫೈರ್‌ವಾಲ್ ಸಾಫ್ಟ್‌ವೇರ್) ಹಾಕಿ ರೂಟರ್ ಮಾಡಿಕೊಂಡು, ವಿಎಲ್ಯಾನ್, ಅಂದ್ರೆ ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ನೆಟ್‌ವರ್ಕ್, ಮಾಡುವವರಿಗೆ ಒಂದು ಮಾತು. ಸ್ವಿಚ್‌ನ ಒಂದು ಪೋರ್ಟನ್ನು ಮುಟ್ಟಲೇಬೇಡಿ. ಟ್ಯಾಗ್ (ವಿಎಲ್ಯಾನ್ ನಂಬರ್) ಇಲ್ಲದೆ, ಮ್ಯಾನೇಜ್‌ಮೆಂಟ್‌ಗೆ, ಅಂದ್ರೆ ಸ್ವಿಚ್‌ನ ಸೆಟ್ಟಿಂಗ್ ತೆರೆಯಲು, ಅಂತ ಬಿಟ್ಟುಬಿಡಿ. ನಾನು ಬಿಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಪಿವಿಐಡಿ (ಟ್ಯಾಗ್ ಇಲ್ಲದೆ ಬಂದ ಡೇಟಾ ಯಾವ ವಿಎಲ್ಯಾನ್‌ಗೆ ಅನ್ನುವ ಸೆಟ್ಟಿಂಗ್) ಬದಲಾಯಿಸಿದೆ, ಆಮೇಲೆ ಸ್ವಿಚ್‌ನ ಸೆಟ್ಟಿಂಗ್ ಪುಟವೇ ತೆರೆಯಲಿಲ್ಲ. ಪಿನ್ ಚುಚ್ಚಿ ರೀಸೆಟ್ ಮಾಡಿ, ಎಲ್ಲ ಮೊದಲಿಂದ ಶುರು.

ಪ್ರಾಕ್ಸ್‌ಮಾಕ್ಸ್‌ಗೆ ಸ್ಟ್ಯಾಟಿಕ್ ಐಪಿ (ಕೈಯಾರೆ ಹಾಕಿದ, ಬದಲಾಗದ ವಿಳಾಸ) ಇರಲಿ. ಐಪಿ ಹಂಚುವ ರೂಟರ್ ಅದರ ಹೊಟ್ಟೆಯಲ್ಲೇ ಇದೆ ಅಲ್ವಾ! ಪ್ರಾಕ್ಸ್‌ಮಾಕ್ಸ್‌ನ ಬ್ರಿಡ್ಜ್‌ಗೆ (ವಿಎಂಗಳನ್ನು ಜೋಡಿಸುವ ಒಳಗಿನ ಸ್ವಿಚ್) ‘ವಿಎಲ್ಯಾನ್ ಅವೇರ್’ ಟಿಕ್ ಹಾಕಿ. ರೂಟರ್ ವಿಎಂನ ನೆಟ್‌ವರ್ಕ್ ಕಾರ್ಡಿನಲ್ಲಿ ಟ್ಯಾಗ್ ಜಾಗ ಖಾಲಿ ಬಿಡಿ. ವಿಎಲ್ಯಾನ್ 10, 20, 30 ಎಲ್ಲ ಓಪಿಎನ್‌ಸೆನ್ಸ್ ಒಳಗೇ ಮಾಡಿ.

ಹೊಸ ವಿಎಲ್ಯಾನ್‌ನಲ್ಲಿ ಐಪಿ ಸಿಕ್ಕಿದೆ, ನೆಟ್ ಇಲ್ಲ ಅಂದ್ರೆ ಸುಮ್ನೆ ಕೇಬಲ್ ಕೀಳಬೇಡಿ. ಆ ಇಂಟರ್‌ಫೇಸಿಗೆ ಫೈರ್‌ವಾಲ್ ರೂಲ್ ಬರೆಯುವ ತನಕ ಏನೂ ಹೊರಗೆ ಹೋಗುವುದಿಲ್ಲ. ಕ್ಯಾಮೆರಾಗಳ ವಿಎಲ್ಯಾನನ್ನು ಮಾತ್ರ ರೂಲ್ ಇಲ್ಲದೆ ಹಾಗೇ ಬಿಟ್ಟರೂ ನಷ್ಟವಿಲ್ಲ.