ಹಳೆಯ ಡಿಸ್ಕ್ ಕಾರ್ಡ್‌ಗೆ ಹೊಸ ಫರ್ಮ್‌ವೇರ್: ಅಳಿಸಿದ ಮೇಲೆ ರೀಬೂಟ್ ಮಾಡಬೇಡಿ

ಮನೆಯಲ್ಲೇ ಸ್ಟೋರೇಜ್ ಸರ್ವರ್ ಮಾಡಿಕೊಳ್ಳಲು ಹೊರಟವರಿಗೆ ಬೇಗನೆ ಸಾಟಾ ಪೋರ್ಟ್ (ಡಿಸ್ಕ್ ಕೇಬಲ್ ಚುಚ್ಚುವ ಜಾಗ) ಸಾಲದಾಗುತ್ತದೆ. ಅಂಥವರಿಗೆ ನಾನು ಹೇಳುವುದು ಒಂದೇ ಕಾರ್ಡ್: ಎಲ್‌ಎಸ್‌ಐ 9211-8ಐ. ಸರ್ವರ್‌ಗಳಿಂದ ಕಳಚಿದ ಹಳೇ ಮಾಲು ನಿಜ. ಆದರೆ ಎಂಟು ಡಿಸ್ಕ್‌ಗಳನ್ನು ಆರಾಮಾಗಿ ನಡೆಸುತ್ತದೆ, 2 ಟಿಬಿಗಿಂತ ದೊಡ್ಡ ಡಿಸ್ಕನ್ನೂ ಗುರುತಿಸುತ್ತದೆ. ಒಂದೇ ಪೋರ್ಟನ್ನು ಹಲವು ಡಿಸ್ಕ್‌ಗಳಿಗೆ ಹಂಚುವ ಅಗ್ಗದ ಪೋರ್ಟ್ ಮಲ್ಟಿಪ್ಲೈಯರ್ ಕಾರ್ಡ್‌ಗಳ ಸಹವಾಸ ಬೇಡ. ಅದರಲ್ಲಿ ಒಂದು ಡಿಸ್ಕ್ ಕೆಟ್ಟರೆ ಪಕ್ಕದವೂ ಕಾಣೆಯಾಗಬಹುದು.

9211-8ಐ ಕಾರ್ಡ್‌ಗಳಲ್ಲಿ ಎಷ್ಟೋ ಐಆರ್ ಫರ್ಮ್‌ವೇರ್‌ನೊಂದಿಗೆ (ಫರ್ಮ್‌ವೇರ್ ಎಂದರೆ ಕಾರ್ಡ್‌ನೊಳಗಿನ ಸಾಫ್ಟ್‌ವೇರ್) ಬರುತ್ತವೆ. ಅಂದರೆ ಕಾರ್ಡೇ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಕಟ್ಟುವುದು) ಮಾಡುವ ಬಗೆ. ಟ್ರೂನಾಸ್ ಎಂಬ ಸ್ಟೋರೇಜ್ ಸರ್ವರ್ ಸಾಫ್ಟ್‌ವೇರ್‌ನ ಝಡ್‌ಎಫ್‌ಎಸ್ ಫೈಲ್ ವ್ಯವಸ್ಥೆಗೆ ಡಿಸ್ಕ್‌ಗಳು ನೇರವಾಗಿ ಕೈಗೆ ಸಿಗಬೇಕು, ನಡುವೆ ಯಾರೂ ಇರಬಾರದು. ಹಾಗಾಗಿ ಡಿಸ್ಕ್‌ಗಳನ್ನು ಇದ್ದ ಹಾಗೇ ಒಪ್ಪಿಸುವ ಐಟಿ ಫರ್ಮ್‌ವೇರ್ ಹಾಕಬೇಕು. ಜನ ಕಾರ್ಡ್ ಹಾಳುಮಾಡಿಕೊಳ್ಳುವುದು ಇಲ್ಲೇ.

ಮೊದಲು ತಯಾರಿ. ಡಿಸ್ಕ್‌ಗಳ ಕೇಬಲ್ ಎಲ್ಲ ಬಿಚ್ಚಿಡಿ. ಹಳೆಯ ರೇಡ್‌ನಲ್ಲಿ ಡೇಟಾ ಇದ್ದರೆ ಮುಂಚೆಯೇ ಬ್ಯಾಕಪ್ ಆಗಿರಲಿ. ಇದೇ ಬಗೆಯ ಇನ್ನೊಂದು ಕಾರ್ಡ್ ಇದ್ದರೆ ತೆಗೆದುಬಿಡಿ. ಯುಪಿಎಸ್ ಇಲ್ಲದೆ ಕೂರಲೇಬೇಡಿ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ ಅಲ್ವಾ?

ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ಅದರಲ್ಲಿ ಯುಇಎಫ್‌ಐ ಶೆಲ್ (ವಿಂಡೋಸ್, ಲಿನಕ್ಸ್ ಇಲ್ಲದೆಯೇ ಕಮಾಂಡ್ ಕೊಡುವ ಪರದೆ), ಫರ್ಮ್‌ವೇರ್ ಬರೆಯುವ ಸಾಸ್2ಫ್ಲ್ಯಾಶ್ ಟೂಲ್‌ನ ಯುಇಎಫ್‌ಐ ಆವೃತ್ತಿ ಮತ್ತು 2118 ಐಟಿ ಎಂಬ ಹೆಸರಿನ ಫರ್ಮ್‌ವೇರ್ ಫೈಲ್ ಇರಲಿ. ಡಾಸ್ ಆವೃತ್ತಿಗೆ ಕೈ ಹಾಕಬೇಡಿ, ಹೊಸ ಮದರ್‌ಬೋರ್ಡ್‌ಗಳಲ್ಲಿ ಅದು ಪಿಎಎಲ್ ಎರರ್ ಕೊಟ್ಟು ನಿಲ್ಲುತ್ತದೆ. ಶೆಲ್‌ನ ಆವೃತ್ತಿ 1 ಬಳಸಿ. ಆವೃತ್ತಿ 2ರಲ್ಲಿ ಕೆಲವೊಮ್ಮೆ ಟೂಲ್ ಶುರುವಾಗುವುದೇ ಇಲ್ಲ. ಸೆಕ್ಯೂರ್ ಬೂಟ್ ಆಫ್ ಇರಲಿ.

ಫರ್ಮ್‌ವೇರ್ 20.00.07.00 ಮಾತ್ರ. 20ರ ಸಾಲಿನಲ್ಲಿ ಮೊದಲು ಬಂದವು ಡಿಸ್ಕ್ ಎರರ್‌ಗಳಿಗೆ ಹೆಸರಾಗಿವೆ.

ಈಗ ಶೆಲ್‌ಗೆ ಬೂಟ್ ಮಾಡಿ ಸಾಸ್2ಫ್ಲ್ಯಾಶ್‌ನ ಲಿಸ್ಟ್ ಕಮಾಂಡ್ ಕೊಡಿ. ಕಾರ್ಡ್ ಕಂಡರೆ ಅದರ ಸಾಸ್ ಅಡ್ರೆಸ್ (ಆ ಕಾರ್ಡ್‌ನ ಗುರುತು ಸಂಖ್ಯೆ) ಬರೆದಿಟ್ಟುಕೊಳ್ಳಿ. 500605ಬಿ ಎಂದು ಶುರುವಾಗುವ 16 ಅಕ್ಷರ. ಕಾರ್ಡ್‌ನ ಸ್ಟಿಕರ್ ಮೇಲೂ ಇರುತ್ತದೆ, ಎರಡೂ ತಾಳೆಯಾಗಲಿ. ಫೋನ್‌ನಲ್ಲಿ ಫೋಟೋ ತೆಗೆದರೂ ಸರಿ, ಆದರೆ ಕಾಗದದಲ್ಲೂ ಬರೆಯಿರಿ.

ಐಆರ್ ಮೇಲೆ ನೇರವಾಗಿ ಐಟಿ ಬರೆಯಲು ಟೂಲ್ ಒಪ್ಪುವುದಿಲ್ಲ. ಹಳೆಯದನ್ನು ಅಳಿಸಲೇಬೇಕು. ಅಳಿಸುವ ಕಮಾಂಡ್‌ನಲ್ಲಿ ಸಂಖ್ಯೆ 6 ಕೊಡಿ, 7 ಕೊಡಬೇಡಿ. 6 ಕೊಟ್ಟರೆ ಕಾರ್ಖಾನೆಯಲ್ಲಿ ಬರೆದ ಮಾಹಿತಿ ಉಳಿಯುತ್ತದೆ. 7 ಎಲ್ಲವನ್ನೂ ಒರೆಸಿಹಾಕುತ್ತದೆ.

ಅಳಿಸಿದ ಮೇಲೆ ಪರದೆ ಸುಮ್ನೆ ನಿಂತಂತೆ ಕಾಣಬಹುದು. ಇಲ್ಲೇ ಜನ ಗಾಬರಿಯಾಗಿ ರೀಸೆಟ್ ಒತ್ತುತ್ತಾರೆ. ದಯವಿಟ್ಟು ಒತ್ತಬೇಡಿ. ಈ ಹೊತ್ತಿನಲ್ಲಿ ಕಾರ್ಡ್‌ನಲ್ಲಿ ಫರ್ಮ್‌ವೇರೇ ಇಲ್ಲ. ರೀಬೂಟ್ ಆದರೆ ಅದನ್ನು ಮತ್ತೆ ಎಬ್ಬಿಸುವುದು ಬಹಳ ಕಷ್ಟ. ಕೆಲಸ ಮುಗಿದು ಪ್ರಾಂಪ್ಟ್ ಬರುವ ತನಕ ಕಾಯಿರಿ. ಬಂದ ಕೂಡಲೇ ಐಟಿ ಫೈಲ್ ಬರೆಯಿರಿ. ಎರರ್ ಬಂದರೂ ಮಷೀನ್ ಆನ್ ಇರಲಿ, ಫೈಲ್ ಹೆಸರು ಸರಿಯೇ ನೋಡಿ ಮತ್ತೆ ಕೊಡಿ. ಬರೆದಾದ ಮೇಲೆ ಸಾಸ್ ಅಡ್ರೆಸ್ ಉಳಿದಿದೆಯೇ ನೋಡಿ. ಇಲ್ಲದಿದ್ದರೆ ಕಾಗದ ನೋಡಿ ಹಾಕಿ. ಲಿಸ್ಟ್‌ನಲ್ಲಿ ಐಟಿ ಎಂದು ಕಂಡ ಮೇಲಷ್ಟೇ ರೀಬೂಟ್.

ಬೂಟ್ ರೋಮ್ (ಈ ಕಾರ್ಡ್‌ನ ಡಿಸ್ಕ್‌ನಿಂದಲೇ ಸಿಸ್ಟಮ್ ಶುರುಮಾಡಲು ಬೇಕಾಗುವ ಫೈಲ್) ಹಾಕಬೇಡಿ. ಸಿಸ್ಟಮ್ ಬೇರೆ ಎಸ್‌ಎಸ್‌ಡಿಯಿಂದ ಶುರುವಾಗುವಾಗ ಅದು ಬೂಟ್ ಸಮಯ ತಿನ್ನುವುದು ಬಿಟ್ಟರೆ ಬೇರೆ ಪ್ರಯೋಜನವಿಲ್ಲ.

ಡೆಲ್ ಎಚ್310, ಐಬಿಎಂ ಎಂ1015 ಕೂಡ ಇದೇ ಚಿಪ್‌ನ ಕಾರ್ಡ್‌ಗಳು. ಆದರೆ ಅವಕ್ಕೆ ಇನ್ನೂ ಕೆಲವು ಹಂತಗಳಿವೆ. ಈ ಕ್ರಮವನ್ನೇ ಅವಕ್ಕೆ ಹಚ್ಚಬೇಡಿ.

ಕೇಬಲ್ ಕೊಳ್ಳುವಾಗ ಫಾರ್ವರ್ಡ್ ಬ್ರೇಕ್‌ಔಟ್ (ಕಾರ್ಡ್‌ನ ಒಂದು ಪೋರ್ಟ್‌ನಿಂದ ಹಲವು ಡಿಸ್ಕ್‌ಗೆ ಕವಲೊಡೆಯುವುದು) ಎಂದೇ ಕೇಳಿ. ರಿವರ್ಸ್ ಕೇಬಲ್ ನೋಡಲು ಹಾಗೇ ಇರುತ್ತದೆ, ಹಾಕಿದರೆ ಒಂದು ಡಿಸ್ಕೂ ಕಾಣುವುದಿಲ್ಲ. ಹೀಟ್‌ಸಿಂಕ್ ಮೇಲೆ ಚಿಕ್ಕ ಫ್ಯಾನ್ ಕಟ್ಟಿ, ಸರ್ವರ್‌ನ ಜೋರು ಗಾಳಿಗೆಂದು ಮಾಡಿದ ಕಾರ್ಡ್ ಇದು.

ಲಿನಕ್ಸ್‌ನಲ್ಲಿ ಡ್ರೈವರ್ ಎಂಪಿಟಿ3ಸಾಸ್, ತಾನಾಗಿಯೇ ಬರುತ್ತದೆ. ಆದರೆ ರೆಡ್ ಹ್ಯಾಟ್ ಲಿನಕ್ಸ್ 8ರಲ್ಲಿ ಈ ಚಿಪ್‌ನ ಬೆಂಬಲ ತೆಗೆದಿದ್ದಾರೆ. ಅಲ್ಲಿ ಇಎಲ್‌ರೆಪೊ ಎಂಬ ಸಾಫ್ಟ್‌ವೇರ್ ಭಂಡಾರದಿಂದ ಡ್ರೈವರ್ ತಂದು ಹಾಕಿಕೊಳ್ಳಿ.